ನರರೋಗಗಳಲ್ಲಿ ಕಣ್ಣುರೆಪ್ಪೆಯ ಜೋಲುವಿಕೆ

ಮೇಲಿನ ಕಣ್ಣುರೆಪ್ಪೆಯು ಸಹಜ ಮಟ್ಟಕ್ಕಿಂತ ಕೆಳಗಿಳಿದು ನಿಲ್ಲುವುದನ್ನು ರೆಪ್ಪೆಯ ಜೋಲುವಿಕೆ ಎನ್ನುತ್ತಾರೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಟೋಸಿಸ್ ಎಂದು ಹೆಸರು; 'ಬೀಳುವುದು' ಎಂಬ ಅರ್ಥದ ಗ್ರೀಕ್ ಪದವಿದು. ಮುಪ್ಪಿನಲ್ಲಿ ಸ್ನಾಯುರಜ್ಜು ಸಡಿಲಗೊಂಡು ರೆಪ್ಪೆ ಜೋಲುವುದು ಸಾಮಾನ್ಯ. ಆದರೆ ಇದೇ ಲಕ್ಷಣವು ಕೆಲವೊಮ್ಮೆ ಮಿದುಳು, ನರ ಅಥವಾ ನರ-ಸ್ನಾಯು ಸಂಧಿಯ ರೋಗದ ಮೊದಲ ಸುಳಿವಾಗಿರುತ್ತದೆ.

ರಚನೆ

ರೆಪ್ಪೆಯನ್ನು ಎತ್ತುವ ಮುಖ್ಯ ಸ್ನಾಯು ಲೆವೇಟರ್. ಇದು ಮೂರನೆಯ ಕಪಾಲ ನರದ ಅಧೀನದಲ್ಲಿದೆ. ಸಿಂಪಥೆಟಿಕ್ ನರಗಳಿಗೆ ಒಳಪಟ್ಟ ಮ್ಯೂಲರ್ ಸ್ನಾಯು ಒಂದೆರಡು ಮಿಲಿಮೀಟರಿನಷ್ಟು ನೆರವು ನೀಡುತ್ತದೆ. ರೆಪ್ಪೆಯನ್ನು ಮುಚ್ಚುವ ಕೆಲಸ ಏಳನೆಯ ನರದ್ದು. ಆದುದರಿಂದ ಬೆಲ್ಸ್ ಪಾಲ್ಸಿಯಲ್ಲಿ ಮುಖ ಸೊಟ್ಟಗಾದರೂ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ತೆರೆದೇ ಉಳಿಯುತ್ತದೆ. ಜನಸಾಮಾನ್ಯರು ಈ ಎರಡನ್ನೂ ಒಂದೇ ಎಂದು ಭಾವಿಸುವುದುಂಟು.

ಕಾರಣಗಳು

ಮೂರನೆಯ ನರ ಸೋತಾಗ ರೆಪ್ಪೆ ಬಹುತೇಕ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಕಣ್ಣುಗುಡ್ಡೆ ಕೆಳಗೆ ಮತ್ತು ಹೊರಗೆ ವಾಲುತ್ತದೆ. ಮಧುಮೇಹದಿಂದ ಹೀಗಾದಾಗ ಪಾಪೆ ಸಾಮಾನ್ಯವಾಗಿ ಬಾಧಿತವಾಗುವುದಿಲ್ಲ. ಪಾಪೆ ಹಿಗ್ಗಿದ್ದು, ಜೊತೆಗೆ ತೀವ್ರ ತಲೆನೋವಿದ್ದರೆ ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಆಗ ಮರುದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸ್ವಿಸ್ ನೇತ್ರತಜ್ಞ ಯೋಹಾನ್ ಫ್ರೀಡ್ರಿಷ್ ಹಾರ್ನರ್ 1869ರಲ್ಲಿ ವಿವರಿಸಿದ ಹಾರ್ನರ್ ಸಿಂಡ್ರೋಮ್‌ನಲ್ಲಿ ಜೋಲುವಿಕೆ ಅಲ್ಪ, ಪಾಪೆ ಕಿರಿದು. ಶ್ವಾಸಕೋಶದ ತುದಿಯ ಗಡ್ಡೆ, ಕುತ್ತಿಗೆಯ ರಕ್ತನಾಳದ ಸೀಳು ಇದಕ್ಕೆ ಕಾರಣವಾಗಬಲ್ಲವು.

ಮಯಸ್ತೀನಿಯಾ ಗ್ರೇವಿಸ್‌ನಲ್ಲಿ ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಇಳಿಯುತ್ತದೆ. ಮುಚ್ಚಿದ ಕಣ್ಣಿನ ಮೇಲೆ ಸುಮಾರು ಎರಡು ನಿಮಿಷ ಮಂಜುಗಡ್ಡೆ ಇರಿಸಿದರೆ ತುಸು ಮೇಲೇಳುವುದು ಈ ರೋಗದ ಗುರುತು. 1934ರಲ್ಲಿ ಇಂಗ್ಲೆಂಡಿನಲ್ಲಿ ವೈದ್ಯೆ ಮೇರಿ ವಾಕರ್ ಫೈಸೊಸ್ಟಿಗ್ಮಿನ್ ಔಷಧದಿಂದ ಇದರ ಲಕ್ಷಣಗಳು ತಗ್ಗುವುದನ್ನು ತೋರಿಸಿದರು.

ಹಾವಿನ ಕಡಿತ

ನಮ್ಮ ಹಳ್ಳಿಗಳ ಮಟ್ಟಿಗೆ ಅತ್ಯಂತ ಮುಖ್ಯವಾದ ಕಾರಣವಿದು. ನಾಗರಹಾವು ಮತ್ತು ಕಟ್ಟುಹಾವಿನ ವಿಷವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಅದರ ಪರಿಣಾಮ ಮೊದಲು ತೋರುವುದು ರೆಪ್ಪೆಗಳಲ್ಲಿಯೇ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವಾಗಲಿ ಬಾವಾಗಲಿ ಕಾಣದಿರಬಹುದು, ಗಾಯದ ಗುರುತೂ ಸಿಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವಿನಿಂದ ಎದ್ದವರ ರೆಪ್ಪೆಗಳು ಜೋಲುತ್ತಿದ್ದರೆ, ಅದು ನಿದ್ದೆಗಣ್ಣು ಎಂದು ಉಪೇಕ್ಷಿಸಬಾರದು. ಮುಂದೆ ನುಂಗಲು, ಬಳಿಕ ಉಸಿರಾಡಲು ಕಷ್ಟವಾಗುತ್ತದೆ. ಪ್ರತಿವಿಷ ಮತ್ತು ಕೃತಕ ಉಸಿರಾಟ ಸಕಾಲದಲ್ಲಿ ದೊರೆತರೆ ರೋಗಿ ಪೂರ್ಣವಾಗಿ ಚೇತರಿಸಿಕೊಳ್ಳಬಹುದು. ಕಣ್ಣು ತೆರೆಯಲಾಗದೆ ನಿಶ್ಚಲನಾಗಿ ಮಲಗಿದ ರೋಗಿಗೆ ಸುತ್ತಲಿನವರ ಮಾತು ಕೇಳಿಸುತ್ತಿರಬಹುದು.

ಚಿಕಿತ್ಸೆ

ಚಿಕಿತ್ಸೆಯು ಮೂಲಕಾರಣವನ್ನು ಅವಲಂಬಿಸಿದೆ. ಮಯಸ್ತೀನಿಯಾಕ್ಕೆ ಪಿರಿಡೊಸ್ಟಿಗ್ಮಿನ್ ಮಾತ್ರೆ ಬಳಕೆಯಲ್ಲಿದೆ. ರೆಪ್ಪೆಯನ್ನು ಎತ್ತಿ ಹಿಡಿಯುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ರೋಗವು ಸ್ಥಿರಗೊಂಡ ನಂತರವೇ ಪರಿಗಣಿಸುತ್ತಾರೆ.