ಹಾರದೇ ಉಳಿದ ಕನ್ನಡಿಗ

ಇರಕಲ್ಲಗಡದ ಕಟ್ಟೆ ಮೇಲೆ ಕೂತವರನ್ನ ಕೇಳಿ ನೋಡಿ, ರಾಕೇಶ್ ಶರ್ಮಾ ಹೆಸರು ಥಟ್ಟನೆ ಬರುತ್ತೆ. ನಾಗಪತಿ ಭಟ್? ಯಾರಿಗೂ ನೆನಪಿಲ್ಲ.

1984ರಲ್ಲಿ ಹಾರಿದ ಶರ್ಮಾ ವಾಯುಪಡೆ ಪೈಲಟ್. ಮರುವರ್ಷ ಇಸ್ರೋ ತನ್ನ ವಿಜ್ಞಾನಿಗಳನ್ನೇ ಆರಿಸಿತು: ಕೇರಳದ ಪಿ. ರಾಧಾಕೃಷ್ಣನ್, ನಮ್ಮ ಕರ್ನಾಟಕದ ಎನ್.ಸಿ. ಭಟ್. ಇಬ್ಬರಲ್ಲೊಬ್ಬರು ಅಮೆರಿಕದ ನೌಕೆಯಲ್ಲಿ ಇನ್ಸಾಟ್-1ಸಿ ಉಪಗ್ರಹದ ಜೊತೆ ಹೋಗಬೇಕಿತ್ತು.

1986ರ ಜನವರಿ 28. ಮೇಲೇರಿದ 73 ಸೆಕೆಂಡಿಗೆ ಚಾಲೆಂಜರ್ ನೌಕೆ ಛಿದ್ರವಾಯ್ತು, ಏಳು ಜನ ಸತ್ತರು. ನಮ್ಮವರ ಯಾನವೂ ರದ್ದಾಯ್ತು. 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಉಪಗ್ರಹವನ್ನಷ್ಟೇ ಒಯ್ದಿತು. ಮನುಷ್ಯರು ನೆಲದಲ್ಲೇ ಉಳಿದರು.

ಇಸ್ರೋ ಕಳಿಸಿದ ಶುಭಾಂಶು ಶುಕ್ಲಾ ಬಾಹ್ಯಾಕಾಶ ಮುಟ್ಟಿದ್ದು 2025ರಲ್ಲಿ. ಅವರೂ ವಾಯುಪಡೆ ಪೈಲಟ್ಟೇ. ಹಾರಿದವರಿಗೆ ಹಾರ ಹಾಕೋಣ, ಸರಿ. ಆದರೆ ಸಜ್ಜಾಗಿ ನಿಂತು, ತಮ್ಮ ತಪ್ಪಿಲ್ಲದೇ ಅವಕಾಶ ಕಳಕೊಂಡ ಭಟ್ಟರ ಹೆಸರು ನಮ್ಮ ಮಕ್ಕಳಿಗೆ ಗೊತ್ತಾಗಬೇಡ್ವಾ?