ಶಿವನಸಮುದ್ರದಿಂದ ನಮ್ಮೂರಿನ ಕಂಬದವರೆಗೆ



ಶ್ರೀರಾಂಪುರದ ನಮ್ಮ ಮನೆಗಳಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಆ ಕರೆಂಟು ಯಾವ ದಾರಿಯಲ್ಲಿ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಆ ದಾರಿಗೆ ನಮ್ಮ ನಾಡಿನಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಯೋಜನೆಯಂತೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಮೊದಲು ಚಿನ್ನಕ್ಕೆ, ನಂತರ ನಗರಕ್ಕೆ, ಹಳ್ಳಿಗಳಿಗೆ ಬಹಳ ತಡವಾಗಿ!

ದೂರ ಸಾಗಿಸಲು ವೋಲ್ಟೇಜ್ ಏಕೆ ಹೆಚ್ಚಿರಬೇಕು? ವೋಲ್ಟೇಜನ್ನು ಎರಡು ಪಟ್ಟು ಮಾಡಿದರೆ, ಅಷ್ಟೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಸಾಗಿಸಬಹುದು. ಆಗ ತಂತಿ ಬಿಸಿಯಾಗಿ ಆಗುವ ನಷ್ಟ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮಾರ್ಗಗಳಲ್ಲಿ ದರ್ಜೆಗಳಿವೆ. 400 ಮತ್ತು 220 ಕಿಲೋವೋಲ್ಟ್ ಮಾರ್ಗಗಳು ಎತ್ತರದ ಉಕ್ಕಿನ ಗೋಪುರಗಳ ಮೇಲೆ ಜಿಲ್ಲೆಗಳನ್ನು ದಾಟುತ್ತವೆ. ನಮ್ಮ ಜಿಲ್ಲೆಯ ಹಿರಿಯೂರಿನಲ್ಲೂ 400 ಕಿಲೋವೋಲ್ಟ್ ಉಪಕೇಂದ್ರವಿದೆ. 66 ಕಿಲೋವೋಲ್ಟ್ ಮಾರ್ಗ ಸ್ಥಳೀಯ ಉಪಕೇಂದ್ರಗಳಿಗೆ ಬರುತ್ತದೆ. ಅಲ್ಲಿಂದ 11 ಕಿಲೋವೋಲ್ಟ್ ಲೈನು ಊರಿನ ಟ್ರಾನ್ಸ್‌ಫಾರ್ಮರ್‌ಗೆ, ಕೊನೆಗೆ 230 ವೋಲ್ಟ್ ಮನೆಗೆ. ತಂತಿ ತೂಗುವ ಬಿಲ್ಲೆಗಳ ಸರವನ್ನು ದೂರದಿಂದಲೇ ನೋಡಿರಿ: ಬಿಲ್ಲೆಗಳು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ನಗರಗಳಲ್ಲಿ ಕೆಲವು ಮಾರ್ಗಗಳು ನೆಲದೊಳಗಿನ ಕೇಬಲ್‌ಗಳಾಗಿವೆ.

ಇವೆಲ್ಲ ಪರ್ಯಾಯ ಪ್ರವಾಹದ, ಅಂದರೆ ಎ.ಸಿ. ಮಾರ್ಗಗಳು. ಇನ್ನೊಂದು ಬಗೆ ಏಕಮುಖ ಪ್ರವಾಹದ್ದು, ಅಂದರೆ ಡಿ.ಸಿ. ಇದಕ್ಕೆ ಎರಡೂ ತುದಿಗಳಲ್ಲಿ ದುಬಾರಿ ಪರಿವರ್ತನಾ ಕೇಂದ್ರ ಬೇಕು. ಆದರೂ ಬಹಳ ದೂರಕ್ಕೆ ಇದೇ ಅಗ್ಗ. ಒಡಿಶಾದ ತಾಲ್ಚೇರ್‌ನಿಂದ 1,300 ಕಿ.ಮೀ.ಗೂ ಹೆಚ್ಚು ದೂರ ಬರುವ 500 ಕಿಲೋವೋಲ್ಟ್ ಡಿ.ಸಿ. ಮಾರ್ಗ 2003ರ ಹೊತ್ತಿಗೆ ಸಿದ್ಧವಾಯಿತು. ಅದು ಬಂದು ನಿಂತದ್ದೂ ಕೋಲಾರದಲ್ಲೇ! ಆದರೆ ಚಿನ್ನದ ಗಣಿಗಳು 2001ರಲ್ಲೇ ಮುಚ್ಚಿದ್ದವು. ಈ ಸಲ ಬಂದ ವಿದ್ಯುತ್ತು ದಕ್ಷಿಣದ ರಾಜ್ಯಗಳ ಜನರಿಗೆ ಹಂಚಲ್ಪಡುವಂಥದ್ದು.

ಓದುಗರೇ, ನೂರು ವರ್ಷಗಳ ಈ ಕಥೆ ಹೇಳುವುದಿಷ್ಟೆ. ತಂತಿ ಊರಿನ ಮೇಲೆ ಹಾದುಹೋಗುವುದೇ ಬೇರೆ, ಮನೆಯೊಳಗೆ ಬೆಳಕು ಬರುವುದೇ ಬೇರೆ. ದೊಡ್ಡ ಗೋಪುರಗಳಷ್ಟೇ ಮುಖ್ಯ, ನಮ್ಮ ಬೀದಿಯ ಕೊನೆಯ ಕಂಬ. ವಿದ್ಯೆಯ ಮಾತೂ ಇದೇ ಅಲ್ಲವೇ?