ಬೇಗಂಪೇಟೆಯಲ್ಲೊಂದು ಕೊರ್ಡೊಬಾ

ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ಅದರಲ್ಲಿ ಆರು ವರ್ಷ ಬೇಗಂಪೇಟೆಯ ಆಫೀಸಿಗೆ ಹೋಗಿಬಂದಿದ್ದೇನೆ. ಅಲ್ಲಿನ ಗಲ್ಲಿಯೊಂದರ ಒಳಗೆ ಕಾಣುವ ಚೂಪು ಶಿಖರಗಳನ್ನು ನೋಡಿ ಅದೊಂದು ಹಳೇ ಚರ್ಚು ಅಂದುಕೊಂಡೇ ಇಷ್ಟು ದಿನ ಓಡಾಡಿದೆ. ಕಳೆದ ವರ್ಷ ಚಾರ್‌ಮಿನಾರ್ ಕಡೆಯ ಸಹೋದ್ಯೋಗಿಯೊಬ್ಬ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಭಾಯ್, ವೋ ಮಸ್ಜಿದ್ ಹೈ, ಸ್ಪ್ಯಾನಿಷ್ ಮಸ್ಜಿದ್" ಅಂದು ಮರುದಿನ ತಾನೇ ಕರೆದುಕೊಂಡು ಹೋದ.

ಕಟ್ಟಿಸಿದವರು ಪೈಗಾ ಮನೆತನದ ನವಾಬ ಸರ್ ವಿಕಾರ್ ಉಲ್ ಉಮ್ರಾ. ಫಲಕ್‌ನುಮಾ ಅರಮನೆ ಕಟ್ಟಿಸಿದವರೂ ಅವರೇ. ಆರನೇ ನಿಜಾಮನ ಕಾಲದಲ್ಲಿ ದಿವಾನರಾಗಿದ್ದರು. ಯುರೋಪ್ ಪ್ರವಾಸದಲ್ಲಿ ಸ್ಪೇನಿನ ಕೊರ್ಡೊಬಾದ ಮಸೀದಿಯನ್ನು ಕಂಡು ಮರುಳಾಗಿ, ಊರಿಗೆ ಬಂದು ಅದೇ ಧಾಟಿಯಲ್ಲಿ ಇಲ್ಲೊಂದನ್ನು ಎಬ್ಬಿಸಲು ಹೊರಟರು. 1902ರಲ್ಲಿ ತೀರಿಕೊಂಡರು. ಕಟ್ಟಡ ಮುಗಿದದ್ದು 1906ರಲ್ಲಿ, ಮಗನ ಕೈಯಲ್ಲಿ. ಹೈದರಾಬಾದಿನ ಮಸೀದಿ ಅಂದರೆ ಕಣ್ಣಿಗೆ ಬರುವ ಗುಮ್ಮಟ, ದುಂಡು ಮಿನಾರು ಇಲ್ಲಿಲ್ಲ. ಒಳಗೆ ಸಾಲು ಕಮಾನುಗಳ ತಂಪು. ನಾನು ಕಾಲು ತೊಳೆದು ಒಂದು ಮೂಲೆಯಲ್ಲಿ ಕೂತೆ. ಹೊರಗಿನ ಹಾರ್ನು ಅಲ್ಲಿಗೆ ಕೇಳಿಸಲಿಲ್ಲ.

ಆ ರಾತ್ರಿ ಕೊರ್ಡೊಬಾದ ಬಗ್ಗೆ ಓದುತ್ತ ಕೂತೆ. ಊರು ಇರುವುದು ಗ್ವಾದಲ್ಕಿವಿರ್ ನದಿಯ ಕಣಿವೆಯಲ್ಲಿ. ಆ ಹೆಸರು ಅರಬ್ಬಿಯ 'ವಾದಿ ಅಲ್ ಕಬೀರ್'ನಿಂದ ಬಂದದ್ದು, ಅಂದರೆ ದೊಡ್ಡ ಕಣಿವೆ. (ನಮ್ಮ ವಾಡಿ ಜಂಕ್ಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆ ಕಡೆಯವನಾದ ನನಗೆ ಓದಿ ಖುಷಿಯಾಯಿತು.) ತನ್ನ ಮನೆತನದ ಬಹುಪಾಲು ಜನ ಕೊಲೆಯಾದ ಮೇಲೆ ಜೀವ ಉಳಿಸಿಕೊಂಡು ಓಡಿಬಂದ ರಾಜಕುಮಾರ ಅಬ್ದುಲ್ ರಹಮಾನ್ 785ರ ಸುಮಾರಿಗೆ ಅಲ್ಲಿ ಮಸೀದಿ ಶುರುಮಾಡಿದ. ಹಳೇ ರೋಮನ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವು ಗಿಡ್ಡವಾದವು. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು, ಕೆಂಪು ಇಟ್ಟಿಗೆ ಬಿಳಿ ಕಲ್ಲಿನ ಪಟ್ಟೆ. ಮುಂದಿನ ಇನ್ನೂರು ವರ್ಷ ಬಂದ ಬಂದ ದೊರೆಗಳು ಹಿಗ್ಗಿಸುತ್ತಲೇ ಹೋದರು. ಈಗ ಉಳಿದ ಕಂಬಗಳೇ 856.

ಇಲ್ಲಿಗೆ ಬಂದಾಗ ನನ್ನ ತಲೆ ಬೇರೆ ಕಡೆ ಓಡಿತು. ಅದನ್ನು ಹಿಗ್ಗಿಸಿದ ಎರಡನೇ ಅಬ್ದುಲ್ ರಹಮಾನ್ ಆಳಿದ್ದು 822ರಿಂದ 852. ಆಗ ನಮ್ಮಲ್ಲಿ ಯಾರಿದ್ದರು? ಅಮೋಘವರ್ಷ ನೃಪತುಂಗ, 814ರಿಂದ 878. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಾಗಿಣಾ ದಂಡೆಯ ಮಳಖೇಡ. ನನ್ನ ತಾಲೂಕು ಸೇಡಂನದೇ ಊರು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಅಲ್ಲಿನ ಆಸ್ಥಾನದಲ್ಲಿ. 851ರ ಅರಬ್ಬೀ ವರ್ತಕರ ವೃತ್ತಾಂತವೊಂದು ಲೋಕದ ನಾಲ್ವರು ಮಹಾರಾಜರಲ್ಲಿ ಬಗ್ದಾದಿನ ಖಲೀಫ, ಚೀನಾದ ಮತ್ತು ರೂಮಿನ ದೊರೆಗಳ ಸಾಲಿನಲ್ಲಿ ನಮ್ಮ ರಾಷ್ಟ್ರಕೂಟ 'ಬಲ್ಹರಾ'ನನ್ನು ಎಣಿಸುತ್ತದೆ. 10ನೇ ಶತಮಾನದ ಅಲ್ ಮಸೂದಿ ಊರಿನ ಹೆಸರನ್ನೇ 'ಮಾನ್‌ಕೀರ್' ಎಂದು ಬರೆದ. ಕುರ್ತುಬಾ, ಮಾನ್‌ಕೀರ್ ಎರಡೂ ಒಂದೇ ಭಾಷೆಯ ಓದುಗರಿಗೆ ಗೊತ್ತಿದ್ದ ಊರುಗಳು.

972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಹೊಡೆದ. ಕೊರ್ಡೊಬಾ ಲೂಟಿಯಾಗಲಿಲ್ಲವೇ? ಆಯಿತು, 11ನೇ ಶತಮಾನದ ಮೊದಲಲ್ಲೇ. 1236ರಲ್ಲಿ ಕ್ರೈಸ್ತ ದೊರೆ ಫರ್ನಾಂದೋ ಅದನ್ನು ಗೆದ್ದ. ಆದರೆ ಗೆದ್ದವರು ಮಸೀದಿಯನ್ನು ಕೆಡವಲಿಲ್ಲ, ಅದರೊಳಗೇ ತಮ್ಮ ಪ್ರಾರ್ಥನೆ ನಡೆಸಿದರು. 16ನೇ ಶತಮಾನದಲ್ಲಿ ನಟ್ಟನಡುವೆ ಒಂದಿಷ್ಟು ಕಂಬ ಕಿತ್ತು ಚರ್ಚು ಕಟ್ಟಿದ್ದೂ ನಿಜ. ಇದನ್ನು ಔದಾರ್ಯ ಎನ್ನಲಾರೆ. ಬಳಕೆಯಲ್ಲಿದ್ದದ್ದರಿಂದ ಕಟ್ಟಡ ಉಳಿಯಿತು, ಅಷ್ಟೇ. ಮಾನ್ಯಖೇಟ ಹಾಗೆ ಯಾರ ಬಳಕೆಗೂ ಬೇಕಾಗಲಿಲ್ಲ. ಚಾಲುಕ್ಯರು ಸ್ವಲ್ಪ ಕಾಲ ಇದ್ದು ಕಲ್ಯಾಣಕ್ಕೆ ಹೋದರು. ಈಗ ಅಲ್ಲಿ ಒಂದು ಕೋಟೆ ಇದೆ, ಬಹುಪಾಲು ಆಮೇಲಿನವರದು. ಒಂದು ಜೈನ ಬಸದಿ ಇದೆ, ಟೀಕಾಚಾರ್ಯರ ವೃಂದಾವನ ಇದೆ. ನೃಪತುಂಗನ ಅರಮನೆಯದು ಎಂದು ಬೆರಳು ಮಾಡಿ ತೋರಿಸಲು ಒಂದು ಕಮಾನೂ ಇಲ್ಲ.

ನನ್ನನ್ನು ಇನ್ನೂ ಬಿಡದ ಸಂಗತಿ ಒಂದಿದೆ. ಸಿಕಂದರಾಬಾದ್–ವಾಡಿ ರೈಲು ಮಾರ್ಗ ಶುರುವಾದದ್ದು 1874ರಲ್ಲಿ. ನಿಜಾಮನ ಊರಿನಿಂದ ಬೊಂಬಾಯಿಯ ಹಡಗು ಹಿಡಿಯಲು ಹೊರಟವರಿಗೆ ಅದೇ ದಾರಿ. ಹಾಗಾದರೆ ನವಾಬರೂ ಸ್ಪೇನಿಗೆ ಹೊರಟಾಗ ಮಳಖೇಡದ ಪಕ್ಕದಲ್ಲೇ ಹಾದು ಹೋಗಿರಬೇಕು. ಅದು ಅವರದೇ ಸಂಸ್ಥಾನದ ನೆಲ. ಕಿಟಕಿಯಾಚೆ ಏನು ಕಂಡಿರಬಹುದು, ಜೋಳದ ಹೊಲ, ಪರಸಿಕಲ್ಲಿನ ಗುಡ್ಡೆ? ಅವರನ್ನು ದೂರಿ ಏನು ಬಂತು. ನಾನು ಊರಿಗೆ ಹೋಗಿಬರುವುದೂ ಅದೇ ಮಾರ್ಗದಲ್ಲಿ. ಸೇಡಂನಲ್ಲಿ ಇಳಿದು ಸೀದಾ ಮನೆಗೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರು ದಾಟದ ಕೋಟೆಗೆ ಶಾಲೆಯ ಟ್ರಿಪ್ಪಿನಲ್ಲಿ ಹೋದದ್ದೇ ಕೊನೆ. ಅದರಲ್ಲೂ ನೆನಪಿರುವುದು ಡಬ್ಬಿಯ ಚಿತ್ರಾನ್ನ.

ಯುಗಾದಿಗೆ ಹೋದಾಗ ಅವ್ವನಿಗೆ ಮಳಖೇಡಕ್ಕೆ ಹೋಗಿಬರತೀನಿ ಅಂದೆ. "ಅಲ್ಲಿ ಯಾನ್ ನೋಡ್ತಿ? ಬರೀ ಬಿದ್ದ ಗ್ವಾಡಿ ಅದಾವ. ಬಿಸಲಾಗ ಹೋಗಬ್ಯಾಡ" ಅಂದಳು. ಹೋದೆ. ಕಾಗಿಣಾದಲ್ಲಿ ಮೊಣಕಾಲು ಮಟ್ಟ ನೀರಿತ್ತು. ಹುಡುಗರಿಬ್ಬರು ಎಮ್ಮೆ ತೊಳೆಯುತ್ತಿದ್ದರು. ಕೋಟೆಯ ಬುರುಜಿನ ಫೋಟೊ ತೆಗೆದು ಬೇಗಂಪೇಟೆಯ ಗೆಳೆಯನಿಗೆ ಕಳಿಸಿ, ಹೆಸರು ಮಾನ್‌ಕೀರ್ ಎಂದು ಬರೆದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಯೇ ಕಹಾಂ ಹೈ ಭಾಯ್? ಸ್ಪೇನ್ ಮೆ?"